ಸೋತವರ ಮುಯ್ಯಿ ಪುಸ್ತಕ: ಅಧ್ಯಕ್ಷರ ಚುನಾವಣೆ ಸೋತವರು ಮತ್ತೆ ಹೇಗೆ ತಯಾರಾಗುತ್ತಾರೆ?

ಕಾಫಿಪುಡಿ

ಎರಡು ವಾರದಿಂದ ಅಮೆರಿಕದ ಅಧ್ಯಕ್ಷನಾಗಿದ್ದ ರಿಚರ್ಡ್ ನಿಕ್ಸನ್ ಬಗ್ಗೆ ಓದುತ್ತಾ ಇದ್ದೇನೆ. ವಾಟರ್‌ಗೇಟ್ ಎಲ್ಲರಿಗೂ ಗೊತ್ತಿರೋದೇ, ಅದನ್ನು ಸದ್ಯಕ್ಕೆ ಬಿಡಿ. ನನ್ನ ತಲೆ ತಿನ್ನುತ್ತಿರೋದು ಅದಕ್ಕೂ ಹಿಂದಿನ ಎಂಟು ವರ್ಷ. 1960ರಲ್ಲಿ ಅಧ್ಯಕ್ಷರ ಚುನಾವಣೆ ಸೋತ ಮನುಷ್ಯ 1968ರಲ್ಲಿ ಗೆದ್ದ. ನಡುವೆ ಏನು ಮಾಡಿದ?

ಸೋಲು ಎಂಥದ್ದು ಅಂತ ಮೊದಲು ಹೇಳುತ್ತೇನೆ. ಗೆದ್ದ ಜಾನ್ ಕೆನಡಿಗೂ ಇವನಿಗೂ ಇದ್ದ ಅಂತರ ಒಂದು ಲಕ್ಷ ಚಿಲ್ಲರೆ ಮತ. ಬಿದ್ದ ಮತ ಸುಮಾರು 6.8 ಕೋಟಿ. ಆಗ ನಿಕ್ಸನ್ ಉಪಾಧ್ಯಕ್ಷ. ಅಲ್ಲಿ ಉಪಾಧ್ಯಕ್ಷನೇ ಸೆನೆಟ್‌ನ ಸಭಾಪತಿ. ಹಾಗಾಗಿ 1961ರ ಜನವರಿ 6ರಂದು ಎಲೆಕ್ಟೋರಲ್ ಮತಗಳ (ರಾಜ್ಯಕ್ಕೆ ಇಷ್ಟು ಅಂತ ಇರುವ ಮತ, ಅಧ್ಯಕ್ಷನನ್ನು ಆರಿಸೋದು ಇವೇ) ಎಣಿಕೆ ನಡೆಸಿ, ಕೆನಡಿ ಗೆದ್ದಿದ್ದಾರೆ ಎಂದು ಘೋಷಿಸುವ ಕೆಲಸ ಇವನ ಪಾಲಿಗೇ ಬಂತು. ಎಲ್ಲರ ಮುಂದೆ ನಿಂತು ತನ್ನ ಸೋಲನ್ನು ತಾನೇ ಓದಿ ಹೇಳೋದು. ಯೋಚನೆ ಮಾಡಿ.

ಆಮೇಲೆ ಮಾಡಿದ್ದು ದೊಡ್ಡ ತಪ್ಪು. ಊರಿಗೆ ಹೋಗಿ 1962ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೆ ನಿಂತ. ಪ್ಯಾಟ್ ಬ್ರೌನ್ ಎದುರು ಮೂರು ಲಕ್ಷದ ಹತ್ತಿರ ಮತಗಳಿಂದ ಸೋತ. ನಿದ್ದೆಗೆಟ್ಟ ಮುಖದಲ್ಲೇ ಮಾರನೇ ಬೆಳಿಗ್ಗೆ ಪತ್ರಕರ್ತರ ಮುಂದೆ ಬಂದು, ಇನ್ನು ಒದೆಯೋಕೆ ನಿಮಗೆ ನಿಕ್ಸನ್ ಸಿಗುವುದಿಲ್ಲ, ಇದೇ ನನ್ನ ಕೊನೆಯ ಪತ್ರಿಕಾಗೋಷ್ಠಿ ಅಂದುಬಿಟ್ಟ. ಅದೇ ವಾರ ಒಂದು ಟಿವಿ ಚಾನೆಲ್ ಅವನ 'ರಾಜಕೀಯ ನಿಧನ'ದ ಕಾರ್ಯಕ್ರಮವನ್ನೇ ಪ್ರಸಾರ ಮಾಡಿತು. ಮನುಷ್ಯ ಬದುಕಿದ್ದಾಗಲೇ ತಿಥಿ!

ಇಲ್ಲಿಂದ ಆರು ವರ್ಷದಲ್ಲಿ ಶ್ವೇತಭವನ. ನನ್ನ ಪ್ರಶ್ನೆ ಇಷ್ಟೇ. ಸೋತ ರಾತ್ರಿಯಿಂದ ಮುಂದಿನ ಸಲ ಹೆಸರು ಘೋಷಿಸುವ ದಿನದವರೆಗೆ ಇಂಥವರು ದಿನಾ ಬೆಳಿಗ್ಗೆ ಎದ್ದು ಏನು ಮಾಡುತ್ತಾರೆ? ಅಮೆರಿಕವೇ ಆಗಬೇಕಿಲ್ಲ. ಗೊತ್ತಿರುವವರು ಬರೆಯಿರಿ.

ಲೆಕ್ಕಿಗ

ಒಂದು ಲಕ್ಷ ಅನ್ನೋದನ್ನು ಹಿಡಿದುಕೊಂಡು ಕೂರಬೇಡಿ ಸರ್. ಅಲ್ಲಿ ಗೆಲ್ಲಿಸೋದು ರಾಜ್ಯವಾರು ಲೆಕ್ಕ. ಎಲೆಕ್ಟೋರಲ್ ಮತದಲ್ಲಿ 303ಕ್ಕೆ 219. ಇಲಿನಾಯ್ ರಾಜ್ಯದಲ್ಲಿ ಅಂತರ 9,000 ಮತಕ್ಕೂ ಕಡಿಮೆ. ಟೆಕ್ಸಾಸ್‌ನಲ್ಲಿ 46,000ದ ಆಸುಪಾಸು. ಈ ಎರಡೂ ಇವನ ಕಡೆ ಬಿದ್ದಿದ್ದರೆ ಕಥೆಯೇ ಬೇರೆ.

ಇದನ್ನು ಯಾಕೆ ಹೇಳಿದೆ ಅಂದರೆ, 1960ರಲ್ಲಿ ಐವತ್ತೂ ರಾಜ್ಯಕ್ಕೆ ಹೋಗುತ್ತೇನೆ ಎಂದು ಆಸಾಮಿ ಮಾತು ಕೊಟ್ಟಿದ್ದ. ಮಾತು ಉಳಿಸಿಕೊಳ್ಳಲು ಕೊನೆಯ ವಾರಾಂತ್ಯದಲ್ಲಿ ಅಲಾಸ್ಕಕ್ಕೆ ಹಾರಿದ. ಅಲ್ಲಿದ್ದದ್ದು ಮೂರು ಎಲೆಕ್ಟೋರಲ್ ಮತ. ಇಲಿನಾಯ್‌ನಲ್ಲಿ 27.

ಮಲೆನಾಡಿಗ

ಅಮೆರಿಕ ನನಗೆ ಗೊತ್ತಿಲ್ಲ. ನಮ್ಮ ಸೋದರಮಾವ ಗೊತ್ತು.

ಊರಿನ ಸೊಸೈಟಿ ಚುನಾವಣೆಯಲ್ಲಿ 11 ಮತದಿಂದ ಸೋತರು. ಎರಡು ದಿನ ಮಾತಾಡಲಿಲ್ಲ, ಅಡಿಕೆ ಸುಲಿಯುತ್ತಾ ಜಗಲಿಯಲ್ಲೇ ಕೂತಿದ್ದರು. ಮೂರನೇ ದಿನ ಮತದಾರರ ಪಟ್ಟಿ ತೆಗೆದು, ಕೆಂಪು ಪೆನ್ನಿನಲ್ಲಿ ಗುರುತು ಹಾಕೋಕೆ ಶುರು ಮಾಡಿದರು. ಯಾರು ಮತ ಹಾಕಲಿಲ್ಲ ಅಂತ ಅಲ್ಲ. ಯಾರ ಮನೆಗೆ ತಾವು ಹೋಗಿರಲಿಲ್ಲ ಅಂತ.

ಅವತ್ತಿಂದ ಐದು ವರ್ಷ ಮದುವೆ, ಮುಂಜಿ, ಗೃಹಪ್ರವೇಶ, ಬೊಜ್ಜ, ಒಂದೂ ಬಿಡಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ಯಾವಾಗಲೂ ಮುಯ್ಯಿ ಕವರಿನ ಒಂದು ಕಟ್ಟು ಇರುತ್ತಿತ್ತು. ಚಿಲ್ಲರೆ ಒಂದು ರೂಪಾಯಿ ನಾಣ್ಯಗಳೂ ಇರುತ್ತಿದ್ದವು, 101 ಮಾಡೋಕೆ. ಊಟಕ್ಕೆ ಕೂರೋದಿಲ್ಲ, ಬಡಿಸೋಕೆ ನಿಲ್ಲೋದು. ಅತ್ತೆ ಬೈಯುತ್ತಿದ್ದರು, ಮುಯ್ಯಿಗೆ ಹಾಕಿದ ದುಡ್ಡಲ್ಲಿ ಒಂದು ಎಮ್ಮೆ ಬರ್ತಿತ್ತು ಅಂತ.

ನಿಮ್ಮ ನಿಕ್ಸನ್ ಇಂಥದ್ದೇನಾದರೂ ಮಾಡಿದನಾ?

ಕಾಫಿಪುಡಿ

ಮಲೆನಾಡಿಗರೇ, ನಗಬೇಡಿ. ಮಾಡಿದ್ದು ಅದನ್ನೇ! ನಾನು ಎರಡು ವಾರದಿಂದ ಹುಡುಕುತ್ತಿದ್ದ ಪದ ಇದು. ಮುಯ್ಯಿ.

1963ರಲ್ಲಿ ಕ್ಯಾಲಿಫೋರ್ನಿಯಾ ಬಿಟ್ಟು ನ್ಯೂಯಾರ್ಕಿಗೆ ಹೋದ. ದೊಡ್ಡ ವಕೀಲಿ ಸಂಸ್ಥೆ ಸೇರಿದ. ದುಡ್ಡಿದ್ದವರ, ಪತ್ರಿಕೆಯವರ ಒಡನಾಟ ಸಿಕ್ಕಿತು. (1966ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ಕೇಸು ವಾದಿಸಿದ. ಅದನ್ನೂ 5-4ರಲ್ಲಿ ಸೋತ, ಪಾಪ.)

1964ಕ್ಕೆ ಬನ್ನಿ. ನಿಕ್ಸನ್ನನ ರಿಪಬ್ಲಿಕನ್ ಪಕ್ಷ ಅಧ್ಯಕ್ಷ ಸ್ಥಾನಕ್ಕೆ ಬ್ಯಾರಿ ಗೋಲ್ಡ್‌ವಾಟರ್‌ನನ್ನು ನಿಲ್ಲಿಸಿತು. ಹೀನಾಯವಾಗಿ ಸೋಲುತ್ತಾನೆ ಎಂದು ಎಲ್ಲರಿಗೂ ಕಾಣುತ್ತಿತ್ತು. ರಾಕ್‌ಫೆಲರ್, ರಾಮ್ನಿಯಂಥ ಪಕ್ಷದ ದೊಡ್ಡವರು ದೂರ ಸರಿದರು. ನಿಕ್ಸನ್ ಮಾತ್ರ ಸಮಾವೇಶದಲ್ಲಿ ಅವನ ಕೈ ಎತ್ತಿ ಪರಿಚಯ ಮಾಡಿಕೊಟ್ಟ. ಆಮೇಲೆ 36 ರಾಜ್ಯ ಸುತ್ತಿ ನೂರೈವತ್ತಕ್ಕೂ ಹೆಚ್ಚು ಸಭೆಗಳಲ್ಲಿ ಮಾತಾಡಿದ. ಗೋಲ್ಡ್‌ವಾಟರ್ 486ಕ್ಕೆ 52ರಲ್ಲಿ ನೆಲಕಚ್ಚಿದ. ಆದರೆ 1965ರ ಜನವರಿಯಲ್ಲಿ ಪಕ್ಷದ ಸಭೆಯಲ್ಲಿ ಎದ್ದು ನಿಂತು, ಡಿಕ್, ನೀನು ಮಾಡಿದ್ದನ್ನು ಮರೆಯೋದಿಲ್ಲ ಅಂದ. ಅವನ ಹಿಂದಿದ್ದ ಬಲಪಂಥದ ದಂಡೂ ಮರೆಯಲಿಲ್ಲ. ಸೋಲುವ ಮನೆಯ ಮದುವೆಗೆ ಹೋಗಿ ಮುಯ್ಯಿ ಮಾಡಿ ಬಂದ ಅನ್ನಿ.

ಅಸಲಿ ಕೆಲಸ 1966ರದು. ಅದು ಮಧ್ಯಂತರ ಚುನಾವಣೆಯ ವರ್ಷ, ಅಂದರೆ ಅಧ್ಯಕ್ಷನ ಅವಧಿಯ ನಡುವೆ ಅಲ್ಲಿಯ ಸಂಸತ್ತಿಗೆ ನಡೆಯುವ ಚುನಾವಣೆ. ಇವನು ಯಾವುದಕ್ಕೂ ನಿಂತಿರಲಿಲ್ಲ. 35 ರಾಜ್ಯ ಸುತ್ತಿ 80ಕ್ಕೂ ಹೆಚ್ಚು ಅಭ್ಯರ್ಥಿಗಳ ಪರ ಪ್ರಚಾರ ಮಾಡಿದ. ಹೆಚ್ಚಿನವರು ಹೆಸರು ಕೇಳದವರು. ಸಣ್ಣ ಊರು, ರೋಟರಿ ಕ್ಲಬ್ಬಿನ ಊಟ, ಹೈಸ್ಕೂಲ್ ಜಿಮ್. ಎಲ್ಲ ಕಡೆ ಅದೇ ತಣ್ಣಗಾದ ಕೋಳಿ. ಆ ವರ್ಷ ರಿಪಬ್ಲಿಕನ್ನರಿಗೆ ಕೆಳಮನೆಯಲ್ಲಿ 47 ಸೀಟು ಜಾಸ್ತಿ ಬಂದವು. ಗೆದ್ದು ಬಂದ ಹೊಸಬರ ಪೈಕಿ ಎಷ್ಟೋ ಜನ ಇವನ ಋಣದಲ್ಲಿದ್ದರು. 1968ರಲ್ಲಿ ಪಕ್ಷದ ಸಮಾವೇಶ ಅಭ್ಯರ್ಥಿಯನ್ನು ಆರಿಸುವಾಗ ಪ್ರತಿನಿಧಿಗಳನ್ನು ಒಗ್ಗೂಡಿಸಿದ್ದು ಇಂಥವರೇ.

ತಮಾಷೆ ನೋಡಿ. ಚುನಾವಣೆಗೆ ನಾಲ್ಕು ದಿನ ಇರುವಾಗ ಅಧ್ಯಕ್ಷ ಜಾನ್ಸನ್ ಸಿಟ್ಟಾಗಿ, ಇವನು ಸದಾ ಪ್ರಚಾರದ ಚಟ ಹತ್ತಿದವನು ಅನ್ನೋ ಅರ್ಥದಲ್ಲಿ ಬೈದ. ಅಲ್ಲಿಯವರೆಗೆ ನಿಕ್ಸನ್ ಮಾಜಿ. ಅಧ್ಯಕ್ಷನೇ ಹೆಸರು ಹಿಡಿದು ಬೈದ ಮೇಲೆ ಎದುರಾಳಿ ಆದ.

ಆಮೇಲೆ? ಆರು ತಿಂಗಳು ರಾಜಕೀಯ ಭಾಷಣಕ್ಕೆ ರಜೆ ಎಂದು ಘೋಷಿಸಿ ಸುಮ್ಮನಾದ. ವಿದೇಶ ಸುತ್ತಿದ. ವಿಯೆಟ್ನಾಂ ನಂತರದ ಏಷ್ಯಾ ಹೇಗಿರಬೇಕು ಎಂದು 1967ರ ಅಕ್ಟೋಬರಿನಲ್ಲಿ ಒಂದು ಲೇಖನ ಬರೆದ. ಚೀನಾವನ್ನು ಎಂದೆಂದಿಗೂ ಹೊರಗಿಡೋಕೆ ಆಗುವುದಿಲ್ಲ ಎಂದು ಅದರಲ್ಲೇ ಹೇಳಿದ್ದ. ಐದು ವರ್ಷದ ನಂತರ ಬೀಜಿಂಗಿಗೆ ಹೋದದ್ದು ಗೊತ್ತಲ್ಲ.

ಕುಂದಾ ಪ್ರಿಯೆ

ಎಲ್ಲಾ ಸರಿ ರೀ, ಆದರೆ ಅದೃಷ್ಟಾನ ಯಾಕ ಬಿಟ್ರಿ? ಕೆನಡಿ ಹತ್ಯೆ ಆಯಿತು. ಗೋಲ್ಡ್‌ವಾಟರ್ ಸೋತದ್ದರಿಂದ ಪಕ್ಷದಲ್ಲಿ ಜಾಗ ಖಾಲಿಯಾಯಿತು. ಪಕ್ಷದೊಳಗಿನ ಎದುರಾಳಿ ಜಾರ್ಜ್ ರಾಮ್ನಿ 1967ರಲ್ಲಿ ವಿಯೆಟ್ನಾಂ ಬಗ್ಗೆ ನನ್ನ ತಲೆ ತೊಳೆದಿದ್ದರು ಅಂತ ಟಿವಿಯಲ್ಲಿ ಬಾಯಿ ಬಿಟ್ಟು ತಾನಾಗೇ ಬಿದ್ದ. ಜಾನ್ಸನ್ ಮತ್ತೆ ನಿಲ್ಲೋದಿಲ್ಲ ಅಂದ. ಎದುರು ಪಕ್ಷವಾದ ಡೆಮಾಕ್ರಟಿಕ್‌ನಿಂದ ನಿಲ್ಲಲು ಹೊರಟಿದ್ದ ರಾಬರ್ಟ್ ಕೆನಡಿಯನ್ನೂ ಕೊಂದರು. ಡೆಮಾಕ್ರಟಿಕ್ ಸಮಾವೇಶದ ಹೊತ್ತಿಗೆ ಷಿಕಾಗೋ ಬೀದಿಯಲ್ಲಿ ಲಾಠಿ. ಇಷ್ಟೆಲ್ಲಾ ಆದ ಮೇಲೂ ಗೆದ್ದದ್ದು 43.4ಕ್ಕೆ 42.7ರಲ್ಲಿ. ಇದರಲ್ಲಿ ತಯಾರಿ ಎಷ್ಟು, ನಸೀಬು ಎಷ್ಟು?

ಕಾಫಿಪುಡಿ

ಒಪ್ಪಿದೆ ಮೇಡಂ. ಆದರೆ ರಾಮ್ನಿ ಬಿದ್ದಾಗ ಆ ಜಾಗಕ್ಕೆ ಓಡಿ ಬರೋಕೆ ರಾಕ್‌ಫೆಲರ್ ಕೂಡ ಇದ್ದ. ದುಡ್ಡು ಇವನಿಗಿಂತ ನೂರು ಪಟ್ಟು. ನಿಲ್ಲುತ್ತೇನೆ, ಇಲ್ಲ, ನಿಲ್ಲುತ್ತೇನೆ ಅಂತ ಕೊನೆವರೆಗೂ ಓಲಾಡಿದ. ಪ್ರತಿನಿಧಿಗಳು ಸಿಗಲಿಲ್ಲ. 1964ರಲ್ಲಿ ಅವನು ಯಾರ ಮದುವೆಗೂ ಹೋಗಿರಲಿಲ್ಲ ನೋಡಿ.

ಇನ್ನೊಂದು ವಿಷಯ, ಟಿವಿ. 1960ರ ಸೆಪ್ಟೆಂಬರ್ 26ರ ಮೊದಲ ಚರ್ಚೆಗೆ ನಿಕ್ಸನ್ ಬಂದದ್ದು ಮಂಡಿ ನಂಜಾಗಿ ಆಸ್ಪತ್ರೆಯಲ್ಲಿ ಮಲಗಿ ಎದ್ದ ಮೇಲೆ. ತೂಕ ಇಳಿದಿತ್ತು, ಕೊರಳಪಟ್ಟಿ ಸಡಿಲ. ಸರಿಯಾದ ಮೇಕಪ್ ಬೇಡ ಅಂದ. ಬೂದು ಸೂಟು, ಹಿಂದಿನ ಪರದೆಯೂ ಬೂದು. ಪಕ್ಕದಲ್ಲಿ ಕಪ್ಪು ಸೂಟಿನ ಕೆನಡಿ.

1968ರಲ್ಲಿ ಚರ್ಚೆಯ ತಂಟೆಗೇ ಹೋಗಲಿಲ್ಲ! ಅದರ ಬದಲು ಸ್ಟುಡಿಯೋದಲ್ಲಿ ಸುತ್ತ ಜನರನ್ನು ಕೂರಿಸಿ, ನಡುವೆ ಒಬ್ಬನೇ ನಿಂತು ಪ್ರಶ್ನೆಗೆ ಉತ್ತರ ಕೊಡುವ ಕಾರ್ಯಕ್ರಮ. ಪ್ರಶ್ನೆ ಕೇಳುವವರನ್ನೂ ಇವನ ಕಡೆಯವರೇ ಆರಿಸುತ್ತಿದ್ದರು. ಇದನ್ನು ನಡೆಸಿಕೊಟ್ಟವನು ರೋಜರ್ ಐಲ್ಸ್, ಮೂವತ್ತು ತುಂಬದ ಹುಡುಗ. ದಿನಕ್ಕೆ ಹತ್ತು ಊರು ಸುತ್ತೋದನ್ನೂ ನಿಲ್ಲಿಸಿದ. ಸಂಜೆಯ ಸುದ್ದಿಗೆ ಸಿಗುವ ಹಾಗೆ ಮಧ್ಯಾಹ್ನ ಒಂದು ಸಭೆ, ಆಮೇಲೆ ವಿಶ್ರಾಂತಿ.

ಇದಕ್ಕೂ ಮೊದಲು 1963ರಲ್ಲೇ ಜ್ಯಾಕ್ ಪಾರ್ ಎಂಬಾತನ ಟಿವಿ ಕಾರ್ಯಕ್ರಮದಲ್ಲಿ ತಾನೇ ಕಟ್ಟಿದ ರಾಗವನ್ನು ಪಿಯಾನೋದಲ್ಲಿ ನುಡಿಸಿದ್ದ. 'ಕೊನೆಯ ಪತ್ರಿಕಾಗೋಷ್ಠಿ' ಆಗಿ ನಾಲ್ಕೇ ತಿಂಗಳು. ಸಿಕ್ಕರೆ ನೋಡಿ. ಬೆನ್ನು ಸೆಟೆಸಿಕೊಂಡು, ಮಗ್ಗಿ ಒಪ್ಪಿಸುವ ಹುಡುಗನ ಹಾಗೆ ನುಡಿಸುತ್ತಾನೆ. ಆದರೂ ಈ ಮನುಷ್ಯನಿಗೆ ಇದೂ ಬರುತ್ತಾ ಅನ್ನಿಸುತ್ತದೆ.

ಸಾವೊಪಾಲೊ ಸಾರು

ಕೆಲಸದ ಮೇಲೆ ಬ್ರೆಜಿಲ್‌ಗೆ ಬಂದು ಒಂಬತ್ತು ವರ್ಷ ಆಯಿತು. ಇಲ್ಲಿಯ ಲೂಲಾ ಕಥೆ ಹೇಳದಿದ್ದರೆ ತಪ್ಪಾಗುತ್ತದೆ. ನಿಕ್ಸನ್ ಒಂದು ಸಲ ಸೋತ. ಲೂಲಾ ಮೂರು ಸಲ. 1989, 1994, 1998. ನಾಲ್ಕನೇ ಸಲ, 2002ರಲ್ಲಿ ಗೆದ್ದರು.

1989ರಲ್ಲಿ ಎರಡನೇ ಸುತ್ತಿನವರೆಗೆ ಬಂದು ಶೇ. 47 ಪಡೆದು ಕೊಲ್ಲೋರ್ ಎದುರು ಸೋತರು. ಆಮೇಲೆ 1993ರಲ್ಲಿ ಹುಟ್ಟಿದ ಸೀಮೆಯಾದ ಪರ್ನಾಂಬುಕೋದಿಂದ ಸಾವೊಪಾಲೊವರೆಗೆ ಬಸ್ಸಿನಲ್ಲಿ ಹೊರಟರು. ಏಳು ವರ್ಷದ ಹುಡುಗನಾಗಿದ್ದಾಗ ತಾಯಿ, ಒಡಹುಟ್ಟಿದವರ ಜೊತೆ ಲಾರಿಯ ಹಿಂಬದಿಯ ಹಲಗೆ ಮೇಲೆ ಕೂತು 13 ದಿನ ಬಂದಿದ್ದ ದಾರಿ ಅದು. ಅದೇ ದಾರಿಯಲ್ಲಿ ಊರೂರಿಗೆ ನಿಂತು ಜನರ ಮಾತು ಕೇಳುತ್ತಾ ಬಂದರು. ಅಂಥ ಹಲವು ಯಾತ್ರೆಗಳಾದವು. ಸಮೀಕ್ಷೆಗಳಲ್ಲಿ ಮುಂದಿದ್ದರು.

ಆದರೂ 1994ರಲ್ಲಿ ಸೋತರು. ಯಾಕೆ? ಆ ಜುಲೈನಲ್ಲಿ ಹೊಸ ನಾಣ್ಯ ರಿಯಾಲ್ ಬಂತು. ವರ್ಷಗಟ್ಟಲೆ ಬೆಳಿಗ್ಗೆ ಒಂದು ರೇಟು, ಸಂಜೆ ಒಂದು ರೇಟು ನೋಡಿದ್ದ ಜನಕ್ಕೆ ಬೆಲೆ ನಿಂತದ್ದೇ ದೊಡ್ಡ ಸಮಾಧಾನ. ಲೂಲಾ ಪಕ್ಷದವರು ಆ ಯೋಜನೆಯನ್ನು ಚುನಾವಣೆಯ ನಾಟಕ ಅಂದರು. ಅದನ್ನು ತಂದ ಕಾರ್ಡೋಸೊ ಮೊದಲ ಸುತ್ತಿನಲ್ಲೇ ಗೆದ್ದರು. 1998ರಲ್ಲೂ ಹಾಗೇ. ಇಲ್ಲಿಯ ನನ್ನ ಮನೆ ಒಡತಿ ಇವತ್ತಿಗೂ ಹೇಳುತ್ತಾರೆ, ಸಂಬಳ ಬಂದ ದಿನವೇ ಓಡಿ ಹೋಗಿ ತಿಂಗಳ ಅಕ್ಕಿ, ಎಣ್ಣೆ ತುಂಬಿಸಿಡುತ್ತಿದ್ದೆವು ಅಂತ.

ಹಾಗಾಗಿ ಮುಯ್ಯಿ ಒಂದರಿಂದಲೇ ಆಗುವುದಿಲ್ಲ. ನಮ್ಮವರೆಲ್ಲ ನಮ್ಮ ಜೊತೆ ಇದ್ದಾರೆ, ಇನ್ನೂ ಯಾರು ನಮಗೆ ಹೆದರುತ್ತಾರೆ? ಲೂಲಾ ಕೊನೆಗೆ ಕೇಳಿಕೊಂಡದ್ದು ಇದನ್ನು. 2002ಕ್ಕೆ ಜವಳಿ ಗಿರಣಿಗಳ ಮಾಲೀಕ ಜೊಸೆ ಅಲೆಂಕಾರ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಜೊತೆ ಮಾಡಿಕೊಂಡರು. ಲೇತ್ ಕೆಲಸದಲ್ಲಿ ಬೆರಳು ಕಳೆದುಕೊಂಡ ಕಾರ್ಮಿಕ ನಾಯಕ ಒಂದು ಕಡೆ, ಕಾರ್ಖಾನೆ ಧಣಿ ಇನ್ನೊಂದು ಕಡೆ. ಪ್ರಚಾರಕ್ಕೆ ಡುಡಾ ಮೆಂಡೋನ್ಸಾ ಬಂದರು. ಹಿಂದೆ ಬಲಪಂಥದ ಮಾಲುಫ್‌ಗೆ ಕೆಲಸ ಮಾಡಿದ್ದವರು! ಗಡ್ಡ ನೀಟಾಯಿತು, ಒಳ್ಳೆಯ ಸೂಟು ಬಂತು. ಜೂನ್ 22ರಂದು 'ಬ್ರೆಜಿಲ್ ಜನತೆಗೆ ಪತ್ರ' ಹೊರಡಿಸಿ, ಹಿಂದಿನ ಸರ್ಕಾರದ ಒಪ್ಪಂದಗಳನ್ನು ಮುರಿಯುವುದಿಲ್ಲ, ಸಾಲ ತೀರಿಸುತ್ತೇವೆ ಎಂದು ಬರೆದು ಕೊಟ್ಟರು. ಜನತೆಗೆ ಅಂತ ಹೆಸರು, ಓದಬೇಕಾದವರು ಬ್ಯಾಂಕಿನವರು.

ಅಕ್ಟೋಬರ್ 27ರಂದು ಶೇ. 61ರಷ್ಟು ಮತ. ಲೂಲಾ ಹುಟ್ಟುಹಬ್ಬ ಆಚರಿಸೋದೂ ಅದೇ ದಿನ.

ಕುಂದಾ ಪ್ರಿಯೆ

ಇದನ್ನ ತಯಾರಿ ಅಂತೀರೋ, ಬಣ್ಣ ಬದಲಿಸೋದು ಅಂತೀರೋ?

ಸಾವೊಪಾಲೊ ಸಾರು

ಮೇಡಂ, ಅವರ ಪಕ್ಷದೊಳಗೇ ಇದರ ಮೇಲೆ ಜಗಳ ಆಯಿತು, ಕೆಲವರು ಬಿಟ್ಟೂ ಹೋದರು. ನನ್ನ ಅನಿಸಿಕೆ ಹೇಳಲಾ? ಹಸಿವು ತೊಲಗಿಸುವ ಯೋಜನೆಯನ್ನು ಪತ್ರಕ್ಕೂ ಮೊದಲೇ, 2001ರಲ್ಲೇ ಬರೆಸಿ ಇಟ್ಟುಕೊಂಡಿದ್ದರು. ಅದನ್ನು ಬಿಡಲಿಲ್ಲ. ಬಿಟ್ಟದ್ದು ಹೆದರಿಸುವ ಧಾಟಿಯನ್ನು.

ಕೊರಿಯಾದ ಕಿಮ್ ಡೇ-ಜುಂಗ್ ಇನ್ನೂ ಮುಂದೆ ಹೋದರು. 1971, 1987, 1992ರಲ್ಲಿ ಸೋತು, ರಾಜಕೀಯವೇ ಸಾಕೆಂದು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿದ್ದರು. ವಾಪಸ್ ಬಂದು 1997ರಲ್ಲಿ ಗೆದ್ದರು. ಯಾರ ಜೊತೆ ಸೇರಿ? ಕಿಮ್ ಜೊಂಗ್-ಪಿಲ್ ಜೊತೆ. ಕೊರಿಯಾದ ಗುಪ್ತಚರ ಸಂಸ್ಥೆಯನ್ನು ಕಟ್ಟಿದ ಮನುಷ್ಯ ಅವರು. 1973ರಲ್ಲಿ ಟೋಕಿಯೋದ ಹೋಟೆಲಿನಿಂದ ಕಿಮ್ ಡೇ-ಜುಂಗ್ ಅವರನ್ನು ಎತ್ತಿಕೊಂಡು ಹೋದದ್ದು ಅದೇ ಸಂಸ್ಥೆ. ನಿಮಗೆ ಆಗುತ್ತಿತ್ತಾ? ನನಗಂತೂ ಆಗುತ್ತಿರಲಿಲ್ಲ.

ಹಳೇ ಪೇಪರ್

ಎಲ್ಲರೂ ಹೊರದೇಶ ಸುತ್ತುತ್ತಾ ಇದ್ದೀರಿ. ಅಧ್ಯಕ್ಷರಷ್ಟು ಅಧಿಕಾರ ಇಲ್ಲ ನಿಜ, ಆದರೆ ರಾಷ್ಟ್ರಪತಿ ಚುನಾವಣೆ ಸೋತು ಮತ್ತೆ ರಾಷ್ಟ್ರಪತಿ ಆದವರು ನಮ್ಮಲ್ಲೇ ಇದ್ದಾರಲ್ಲಪ್ಪಾ. ನೀಲಂ ಸಂಜೀವ ರೆಡ್ಡಿ. ಕಥೆ ಶುರುವಾಗೋದೇ ಬೆಂಗಳೂರಿನಲ್ಲಿ.

1969ರ ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡರು. ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ನಿಜಲಿಂಗಪ್ಪನವರು. ಆಗ ನಾನು ಬೆಂಗಳೂರಿನಲ್ಲಿ ಕಾಲೇಜು ಹುಡುಗ. ಗೇಟಿನ ಹೊರಗೆ ನಿಂತು ಅಂಬಾಸಿಡರ್ ಕಾರುಗಳನ್ನು ಎಣಿಸಿದ್ದಷ್ಟೇ ನನ್ನ ಪಾತ್ರ. ಒಳಗೆ ಸಿಂಡಿಕೇಟಿನವರು, ಅಂದರೆ ಕಾಂಗ್ರೆಸ್ಸಿನ ಹಿರಿಯ ನಾಯಕರ ಗುಂಪು, ಸಂಜೀವ ರೆಡ್ಡಿಯವರ ಹೆಸರು ಗಟ್ಟಿ ಮಾಡಿದರು. ಇಂದಿರಾ ಗಾಂಧಿಗೆ ಇಷ್ಟವಿರಲಿಲ್ಲ. ರೆಡ್ಡಿಯವರು ಲೋಕಸಭೆಯ ಸ್ಪೀಕರ್ ಹುದ್ದೆಗೆ ರಾಜೀನಾಮೆ ಕೊಟ್ಟು ನಿಂತರು. ಇಂದಿರಾ ಆತ್ಮಸಾಕ್ಷಿಯಂತೆ ಮತ ಹಾಕಿ ಅಂದರು. ವಿ.ವಿ. ಗಿರಿ ಪಕ್ಷೇತರರಾಗಿ ಗೆದ್ದರು. ಗಿರಿಯವರೂ ನಮಗೆ ಹೊಸಬರಲ್ಲ, ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು.

ರೆಡ್ಡಿಯವರು ಅನಂತಪುರದ ಕಡೆ ತಮ್ಮ ಹೊಲಕ್ಕೆ ವಾಪಸ್ ಹೋದರು. ಬೇಸಾಯ. ಆ ಸೀಮೆಯ ಮಳೆ ಗೊತ್ತಲ್ಲ, ಬಂದರೆ ಬಂತು. 1975ರಲ್ಲಿ ಜಯಪ್ರಕಾಶ್ ನಾರಾಯಣರ ಜೊತೆ ಮತ್ತೆ ಕಾಣಿಸಿಕೊಂಡರು. 1977ರಲ್ಲಿ ನಂದ್ಯಾಲದಿಂದ ಜನತಾ ಪಕ್ಷದ ಅಭ್ಯರ್ಥಿ. ಆಂಧ್ರದ 42 ಸೀಟುಗಳಲ್ಲಿ 41 ಕಾಂಗ್ರೆಸ್ಸಿಗೆ ಹೋದವು. ಉಳಿದ ಒಂದು ಇವರದು. ಮಾರ್ಚ್‌ನಲ್ಲಿ ಮತ್ತೆ ಸ್ಪೀಕರ್. ಜುಲೈನಲ್ಲಿ ಮತ್ತೆ ಅದೇ ಹುದ್ದೆಗೆ ರಾಜೀನಾಮೆ, ಮತ್ತೆ ರಾಷ್ಟ್ರಪತಿ ಚುನಾವಣೆಗೆ ನಾಮಪತ್ರ. ಎಂಟು ವರ್ಷದ ಹಿಂದಿನ ಸೀನನ್ನೇ ಮತ್ತೆ ಆಡಿದ ಹಾಗೆ. ಈ ಸಲ 37 ಜನ ನಾಮಪತ್ರ ಹಾಕಿದ್ದರು. 36 ತಿರಸ್ಕೃತ! ಅವಿರೋಧವಾಗಿ ಆಯ್ಕೆಯಾದ ಏಕೈಕ ರಾಷ್ಟ್ರಪತಿ.

ಲೆಕ್ಕಿಗ

ಹಳೇ ಪೇಪರ್ ಸರ್, ನಮಸ್ಕಾರ. 1969ರ ಅಂಕಿ ಸೇರಿಸುತ್ತೇನೆ. ಮೊದಲ ಪ್ರಾಶಸ್ತ್ಯದಲ್ಲಿ ಗಿರಿ 4,01,515, ರೆಡ್ಡಿ 3,13,548, ಸಿ.ಡಿ. ದೇಶಮುಖ್ 1,12,769. ಯಾರಿಗೂ ಅರ್ಧ ದಾಟಲಿಲ್ಲ. ಎರಡನೇ ಪ್ರಾಶಸ್ತ್ಯ ಎಣಿಸಿದ ಮೇಲೆ ಗಿರಿ 4,20,077, ರೆಡ್ಡಿ 4,05,427.

ಆದರೆ ಇದನ್ನು 'ತಯಾರಿ' ಅನ್ನೋಕೆ ಬರುತ್ತಾ? ರೆಡ್ಡಿಯವರು ಏನೂ ಮಾಡಲಿಲ್ಲವಲ್ಲ. ಹೊಲ ಉಳುತ್ತಾ ಇದ್ದರು, ತುರ್ತು ಪರಿಸ್ಥಿತಿ ಬಂದು ದೇಶವೇ ತಿರುಗಿತು.

ಹಳೇ ಪೇಪರ್

ಏನೂ ಮಾಡದೇ ಇರೋದೂ ಸುಲಭ ಅಲ್ಲ ಕಣಪ್ಪಾ. ಆ ಎಂಟು ವರ್ಷದಲ್ಲಿ ಗೆದ್ದವರ ಬಾಗಿಲಿಗೆ ಹೋಗಿ ರಾಜ್ಯಪಾಲನ ಕುರ್ಚಿ ಕೇಳಿದವರು ಎಷ್ಟು ಜನ ಇದ್ದರು ಗೊತ್ತಾ? ಇವರು ಕೇಳಲಿಲ್ಲ. 1977ರಲ್ಲಿ ಎಲ್ಲರಿಗೂ ಒಪ್ಪಿಗೆಯಾಗುವ ಹೆಸರು ಬೇಕಾದಾಗ ಅದೇ ಕೈ ಹಿಡಿಯಿತು.

ಚಿಕ್ಕಮಗಳೂರಿನವನು

ಸೋತು ಎದ್ದ ಮಾತು ಬಂದ ಮೇಲೆ ನಮ್ಮೂರನ್ನು ಬಿಟ್ಟರೆ ಹೇಗೆ? 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ 1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಬಂದರು. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ವೀರೇಂದ್ರ ಪಾಟೀಲರು ಎದುರಾಳಿ. ಅಧ್ಯಕ್ಷರ ಚುನಾವಣೆ ಅಲ್ಲ, ಗೊತ್ತು. ಲೆಕ್ಕಿಗರು ಬೈಯುವ ಮೊದಲೇ ಒಪ್ಪಿಕೊಂಡೆ.

ಲೆಕ್ಕಿಗ

ಬೈಯುವುದಿಲ್ಲ. ಆದರೆ ಅವರ ತಯಾರಿ ಶುರುವಾದದ್ದು ಚಿಕ್ಕಮಗಳೂರಿನಲ್ಲಿ ಅಲ್ಲ, ಬಿಹಾರದ ಬೆಲ್ಚಿಯಲ್ಲಿ. 1977ರ ಆಗಸ್ಟ್, ಸೋತು ಐದೇ ತಿಂಗಳು. ದಲಿತರ ಹತ್ಯೆ ನಡೆದ ಊರು. ಮಳೆ, ಕೆಸರು, ಜೀಪು ಹೂತಿತು. ಕೊನೆಗೆ ಆನೆ ಮೇಲೆ ಕೂತು ಹೋದರು.

ಹೊಸಬ 24

ಟ್ರಂಪ್ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? 2020ರಲ್ಲಿ ಸೋತು 2024ರಲ್ಲಿ ಗೆದ್ದದ್ದು ಮೊನ್ನೆ ಮೊನ್ನೆ ಅಲ್ವಾ?

ಮೇಲ್ವಿಚಾರಕ

ಮಾತಾಡಬಹುದು. ಆದರೆ ಹೋದ ಸಲ ಈ ಹೆಸರು ಬಂದಾಗ 140 ಪ್ರತಿಕ್ರಿಯೆ ಅಳಿಸಬೇಕಾಯಿತು, ನನ್ನ ಭಾನುವಾರ ಪೂರ್ತಿ ಹೋಯಿತು. ತಯಾರಿಯ ಬಗ್ಗೆ ಮಾತ್ರ ಬರೆಯಿರಿ.

ಕಾಫಿಪುಡಿ

ತಯಾರಿಯಷ್ಟೇ ಹೇಳುತ್ತೇನೆ. ಅವರದು ನಿಕ್ಸನ್‌ಗೆ ಪೂರ್ತಿ ಉಲ್ಟಾ ದಾರಿ. ಸೋಲು ಒಪ್ಪಲೇ ಇಲ್ಲ. ಪಕ್ಷದ ಒಳಗಿನ ಚುನಾವಣೆಗಳಲ್ಲಿ ಯಾರಿಗೆ ತನ್ನ ಬೆಂಬಲ ಅಂತ ಹೇಳುತ್ತಾ, ಎದುರು ನಿಂತವರನ್ನು ಕೆಡವುತ್ತಾ, ಪಕ್ಷವನ್ನೇ ಕೈಯಲ್ಲಿಟ್ಟುಕೊಂಡರು. 2022ರ ನವೆಂಬರ್‌ನಲ್ಲೇ, ಎರಡು ವರ್ಷ ಮೊದಲೇ ಹೆಸರು ಘೋಷಿಸಿದರು. ಮುಯ್ಯಿ ಮಾಡೋದಕ್ಕಿಂತ, ಯಾರು ಮುಯ್ಯಿ ಮಾಡಲಿಲ್ಲ ಅಂತ ಬರೆದಿಟ್ಟುಕೊಂಡ ಪುಸ್ತಕ ಅದು.

ಹೀಗೆ ಶ್ವೇತಭವನ ಬಿಟ್ಟು, ನಾಲ್ಕು ವರ್ಷ ಕಳೆದು ಮತ್ತೆ ಬಂದ ಇನ್ನೊಬ್ಬರು ಗ್ರೋವರ್ ಕ್ಲೀವ್‌ಲ್ಯಾಂಡ್. 1888ರಲ್ಲಿ ಸೋತು 1892ರಲ್ಲಿ ಗೆದ್ದರು. ಮನೆ ಖಾಲಿ ಮಾಡುವ ದಿನ ಅವರ ಹೆಂಡತಿ ಫ್ರಾನ್ಸಿಸ್ ಅಲ್ಲಿಯ ಕೆಲಸದವನಿಗೆ, ಕುರ್ಚಿ ಮೇಜೆಲ್ಲಾ ಜೋಪಾನ, ಇನ್ನು ನಾಲ್ಕು ವರ್ಷಕ್ಕೆ ನಾವು ವಾಪಸ್ ಬರುತ್ತೇವೆ ಅಂದರಂತೆ. ಬಾಡಿಗೆ ಮನೆ ಬಿಡುವಾಗ ಓನರ್‌ಗೆ ಹೀಗೆ ಹೇಳುವ ಧೈರ್ಯ ನನಗಿಲ್ಲ.

ಲೆಕ್ಕಿಗ

ಗೆದ್ದವರ ಪಟ್ಟಿ ಸಾಕು. ಮತ್ತೆ ನಿಂತು ಮತ್ತೆ ಸೋತವರ ಪಟ್ಟಿ ಉದ್ದವಿದೆ. ವಿಲಿಯಂ ಜೆನ್ನಿಂಗ್ಸ್ ಬ್ರಯಾನ್: 1896, 1900, 1908, ಮೂರೂ ಸೋಲು. ದುಡ್ಡಿನ ಕೊರತೆ ನೀಗಲು ಚಿನ್ನದ ಜೊತೆ ಬೆಳ್ಳಿಯನ್ನೂ ನಾಣ್ಯ ಮಾಡಿ ಎಂದು ಮೊದಲ ಸಲ ಭಾಷಣ ಮಾಡಿ ದೇಶ ಅಲ್ಲಾಡಿಸಿದ. 1900ರ ಹೊತ್ತಿಗೆ ಹೊಸ ಗಣಿಗಳಿಂದ ಚಿನ್ನ ಬಂದು ಆ ಸಮಸ್ಯೆಯೇ ತಣ್ಣಗಾಗಿತ್ತು. ಇವನು ಮತ್ತೆ ಬೆಳ್ಳಿ ಬೆಳ್ಳಿ ಅಂತ ಹಠ ಹಿಡಿದ. ಹಳೇ ಹಾಡು.

ಥಾಮಸ್ ಡ್ಯೂಯಿ ಇದಕ್ಕೆ ತದ್ವಿರುದ್ಧ. 1944ರಲ್ಲಿ ರೂಸ್ವೆಲ್ಟ್ ಮೇಲೆ ಜೋರಾಗಿ ಎಗರಿ ಸೋತ. ಅದೇ ತಪ್ಪಾಯಿತು ಎಂದುಕೊಂಡು 1948ರಲ್ಲಿ ಟ್ರೂಮನ್ ಎದುರು ಉಪ್ಪು ಖಾರ ಇಲ್ಲದ ಭಾಷಣ ಮಾಡಿಕೊಂಡು ತಿರುಗಿದ. ಡ್ಯೂಯಿ ಗೆದ್ದ ಎಂದು ಒಂದು ಪತ್ರಿಕೆ ಮೊದಲೇ ಅಚ್ಚು ಹಾಕಿತ್ತು, ಗೆದ್ದದ್ದು ಟ್ರೂಮನ್. ಆ ಪತ್ರಿಕೆ ಹಿಡಿದು ಟ್ರೂಮನ್ ನಗುವ ಫೋಟೋ ನೋಡಿಯೇ ಇರುತ್ತೀರಿ. ಸೋಲಿನಿಂದ ಪಾಠ ಕಲಿತಿದ್ದ. ತಪ್ಪು ಪಾಠ.

ಸ್ಟೀವನ್‌ಸನ್ 1952ರಲ್ಲಿ 89 ಎಲೆಕ್ಟೋರಲ್ ಮತ, 1956ರಲ್ಲಿ 73. ಎದುರಿಗೆ ಎರಡೂ ಸಲ ಐಸೆನ್‌ಹೋವರ್. ಅಲ್ಲಿ ಯಾವ ತಯಾರಿಯೂ ನಡೆಯುತ್ತಿರಲಿಲ್ಲ ಬಿಡಿ.

ಕುಂದಾ ಪ್ರಿಯೆ

ಲೆಕ್ಕಿಗ ಅವರೇ, ಈ ತಪ್ಪು ಪಾಠದ ಮಾತು ನಿಕ್ಸನ್‌ಗೂ ಹೊಂದತೈತಿ ಅನ್ನಿಸ್ತು. ನಿನ್ನೆ ರಾತ್ರಿಯಿಂದ ಅದನ್ನೇ ಓದಿದೆ.

1968ರ ಅಕ್ಟೋಬರ್ ಕೊನೆಗೆ ವಿಯೆಟ್ನಾಂ ಶಾಂತಿ ಮಾತುಕತೆ ಮುಂದೆ ಹೋಗುವ ಹಾಗಿತ್ತು. ಆಗಿದ್ದರೆ ಡೆಮಾಕ್ರಟಿಕ್ ಅಭ್ಯರ್ಥಿ ಹಂಫ್ರಿಗೆ ಲಾಭ. ದಕ್ಷಿಣ ವಿಯೆಟ್ನಾಂನವರು ಅವಸರ ಮಾಡಬಾರದು ಅಂತ ಆನಾ ಶೆನಾಲ್ಟ್ ಎಂಬಾಕೆಯ ಮೂಲಕ ಸಂದೇಶ ಹೋಯಿತು. ಆ ಕೆಲಸ ಮುಂದುವರಿಯಲಿ ಅಂತ ನಿಕ್ಸನ್ ಹೇಳಿದ್ದು ಆಪ್ತ ಹಾಲ್ಡಮನ್‌ನ ಟಿಪ್ಪಣಿ ಪುಸ್ತಕದಲ್ಲೇ ಇದೆ. ಇದೂ ತಯಾರಿಯೇ ಅಲ್ಲವೇ?

1972ರಲ್ಲಿ ನೋಡಿ. ಐವತ್ತರಲ್ಲಿ 49 ರಾಜ್ಯ ಗೆದ್ದ ಚುನಾವಣೆ, 520ಕ್ಕೆ 17. ಅಂಥ ಚುನಾವಣೆಗೆ ಮೊದಲು ಇವನ ಕಡೆಯವರು ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿ ಪಕ್ಷದ ಕಚೇರಿಗೆ ಕದ್ದು ನುಗ್ಗಿದರು. ಯಾಕೆ ಬೇಕಿತ್ತು? 1960ರಲ್ಲಿ ನಮಗೆ ಮೋಸ ಆಯಿತು, ಇನ್ನೊಂದು ಸಲ ಆಗಬಾರದು ಅನ್ನೋದು ಆ ಗುಂಪಿನ ಮನಸ್ಸಿನಿಂದ ಹೋಗಲೇ ಇಲ್ಲ ಅನ್ನಿಸುತ್ತದೆ. ಒಂದು ಲಕ್ಷದಿಂದ ಸೋತವನಿಗೆ ಆಮೇಲೆ ಎಷ್ಟು ಮುಂದಿದ್ದರೂ ಸಾಲದು. ನಿಮ್ಮ ಮುಯ್ಯಿ ಪುಸ್ತಕ ಛಂದ ಐತಿ, ಆದರೆ ಅದರ ಹಿಂದಿನ ಪುಟದಲ್ಲಿ ಶತ್ರುಗಳ ಪಟ್ಟಿನೂ ಇತ್ತು. ಸುಮ್ನೆ ಮಾತಿಗಲ್ಲ, ನಿಜವಾಗಿಯೂ ಇತ್ತು. 1973ರ ವಿಚಾರಣೆಯಲ್ಲಿ ಹೊರಬಿತ್ತು.

ಕಾಫಿಪುಡಿ

ಮೇಡಂ, ವಾಟರ್‌ಗೇಟ್ ಬಿಡಿ ಅಂತ ಮೊದಲ ಸಾಲಲ್ಲೇ ಬರೆದವನು ನಾನು. ಬಿಡೋಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತು. ಎಂಟು ವರ್ಷದ ಕಥೆ ಅಂದುಕೊಂಡಿದ್ದೆ, ಅದು ಹದಿನಾಲ್ಕು ವರ್ಷದ್ದು. 1960ರಿಂದ 1974ರ ರಾಜೀನಾಮೆವರೆಗೆ.

ಹಳೇ ಪೇಪರ್

ಒಂದು ಮಾತು ಸೇರಿಸಿ ಮಲಗುತ್ತೇನೆ. ಸಂಜೀವ ರೆಡ್ಡಿಯವರು 1996ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಸಮಾಧಿ ಕಲ್ಪಳ್ಳಿಯಲ್ಲಿದೆ. ಅವರ ಸೋಲಿಗೆ ಮುಹೂರ್ತ ಇಟ್ಟ ಗಾಜಿನ ಮನೆಯಿಂದ ಆಟೋದಲ್ಲಿ ಹೋಗಬಹುದು. ನಾನು ಒಂದು ಸಲ ಹೋಗಿದ್ದೆ, ಬೇರೆ ಯಾರೂ ಇರಲಿಲ್ಲ.

ಹೊಸಬ 24

ಮಲೆನಾಡಿಗ ಅಣ್ಣಾ, ನಿಮ್ಮ ಸೋದರಮಾವ ಕೊನೆಗೆ ಗೆದ್ದರಾ ಇಲ್ವಾ? ಅದನ್ನು ಹೇಳದೇ ಹೋದಿರಲ್ಲ!

ಮಲೆನಾಡಿಗ

ಗೆದ್ದರು ಮಾರಾಯಾ, 60 ಮತದಿಂದ. ಈಗ ಮೀಟಿಂಗು, ಆಡಿಟ್ಟು ಅಂತ ಪುರುಸೊತ್ತಿಲ್ಲ. ಮದುವೆಗೆಲ್ಲ ಅತ್ತೆಯನ್ನೇ ಕಳಿಸುತ್ತಾರೆ.

ಸೋತವರು ನಮ್ಮ ಕೆಳಗಿನ ಮನೆಯವರು. ಹೋದ ಭಾನುವಾರ ಒಂದು ಗೃಹಪ್ರವೇಶದಲ್ಲಿ ಸಿಕ್ಕಿದರು. ಪಂಚೆ ಎತ್ತಿ ಕಟ್ಟಿ, ಪಾಯಸದ ಬಕೆಟ್ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದರು. ನಾನು ಬೇಡ ಅಂದರೂ ಎರಡು ಸೌಟು ಹಾಕಿದರು.